ನಕ್ಷೆಯಲ್ಲಿ ಅತ್ತೆಗೆ ಜಾಗವಿಲ್ಲ

ಟ್ಯೂರಿನ್, ಮೇ ೧೧, ೧೯೩೭

ನಕ್ಷೆ ಕೋಣೆಯ ಸಮಸ್ತ ಎಂಜಿನಿಯರ್ ಮಹಾಶಯರೇ, ಪೆನ್ಸಿಲ್ ಕೆಳಗಿಟ್ಟು ಎಲ್ಲರೂ ಕಿವಿಗೊಡಿ.

ನಿಮ್ಮ ಪುಟ್ಟ ‘ಇಲಿ’ ಕಾರನ್ನು ಓಡಿಸಿ ಪರೀಕ್ಷಿಸುವ ಎವಾಸಿಯೊ ನಾನು. ಭಾನುವಾರ ಕಾರಿನ ಹಿಂಭಾಗದ ಭಾರ ಹೊರುವ ಸ್ಪ್ರಿಂಗ್ ಪಟ್ಟಿ ಮುರಿದದ್ದು ನನ್ನ ತಪ್ಪೆಂದು ನನ್ನನ್ನು ಕೆಲಸದಿಂದ ತೆಗೆಯುತ್ತೀರಂತೆ. ಕಾರು ಇಬ್ಬರಿಗೆ ಮಾತ್ರ ಎಂಬ ನಿಯಮ ನನಗೂ ಗೊತ್ತು. ಆದರೆ ಹೆಂಡತಿಯನ್ನು ಕೂರಿಸಿಕೊಂಡು ಸುಪೆರ್ಗಾ ಬೆಟ್ಟಕ್ಕೆ ಹೊರಟಾಗ ಅತ್ತೆ ದೊಮಿತಿಲ್ಲಾ ಅಡ್ಡ ನಿಂತು, “ಏನಪ್ಪಾ ಅಳಿಯ, ಇಬ್ಬರೇ ಹೊರಟ್ರಲ್ಲ, ಮನೇಲಿ ಮಿಕ್ಕೋರೆಲ್ಲ ಸತ್ತೋದ್ವಾ?” ಅಂದರು. ಸಾಮಾನಿಡುವ ಜಾಗದಲ್ಲಿ ಅತ್ತೆ, ಇಬ್ಬರು ನಾದಿನಿಯರು, ಅವರ ಮಡಿಲಲ್ಲಿ ಮೊಲದ ಸಾರಿನ ಪಾತ್ರೆ. ಮೂರನೇ ತಿರುವಿನಲ್ಲಿ ಪಟ್ಟಿ ಲಟಕ್ಕೆಂದಿತು. “ಸೊಂಟ ಇಲ್ಲದ ಇಲೀನ ತಂದಿದೀಯಲ್ಲೋ,” ಎಂದು ಬೈಸಿಕೊಂಡವನೂ ನಾನೇ.

ಮಹಾಶಯರೇ, ಭಾನುವಾರ ಇಬ್ಬರೇ ಹೊರಡುವ ಮನೆ ಈ ಊರಲ್ಲಿ ಯಾವುದಿದೆ? ನಿಮ್ಮ ಮನೆಯಲ್ಲೇ ಹಾಗೆ ಹೊರಟು ನೋಡಿ. ಈ ಕಾರನ್ನು ಕೊಳ್ಳುವವರೆಲ್ಲ ಅತ್ತೆಯಿದ್ದವರೇ.

ಉದ್ದನೆಯ ಗಟ್ಟಿ ಪಟ್ಟಿಯೊಂದನ್ನು ನಾನೇ ಬಡಿದು ಕೂರಿಸಿದ್ದೇನೆ. ನನ್ನನ್ನು ತೆಗೆಯುವ ಕಾಗದಕ್ಕೆ ಇವತ್ತು ಸಹಿ ಹಾಕಬೇಡಿ. ನಾಳೆ ಬೆಳಿಗ್ಗೆ ಏಳಕ್ಕೆ ನಾವು ಐವರೂ ಕಾರ್ಖಾನೆಯ ಬಾಗಿಲಿಗೆ ಬಂದು, ನಿಮ್ಮೆಲ್ಲರ ಕಣ್ಣೆದುರಿಗೇ ಬೆಟ್ಟ ಹತ್ತಲು ಹೊರಡುತ್ತೇವೆ.

ಇಂತಿ ನಿಮ್ಮ ವಿಧೇಯ,
ಎವಾಸಿಯೊ ಗಿಬೌದೊ