ಭೇದಿಗೂ ನಿಮ್ಮ ಅಪ್ಪಣೆ ಬೇಕೆ?

ರೋಗಿಗಳ ಸಾರಿಗೆ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ವ್ಯಾನಿನಲ್ಲಿ ನನಗೆ ಭೇದಿಯಾಯಿತು. ನಿಮ್ಮ ನೋಟಿಸು ಇದನ್ನು ‘ಪ್ರಯಾಣಿಕರ ವೈಯಕ್ತಿಕ ಅನನುಕೂಲ’ ಎನ್ನುತ್ತದೆ. ಅಷ್ಟು ನಾಜೂಕಿನ ಮಾತು ನನ್ನ ಕರುಳಿಗೆ ಅರ್ಥವಾಗುವುದಿಲ್ಲ. ಕೀಮೋ ಔಷಧ ನನ್ನ ಗಡ್ಡೆಯ ಜೊತೆಗೆ ಕರುಳಿನ ಒಳಪದರವನ್ನೂ ಸುಡುತ್ತಿದೆ. ನರ್ಸ್ ಕೊಟ್ಟ ಮಾತ್ರೆ ನುಂಗಿದರೂ ಕೆಲವೊಮ್ಮೆ ತಡೆಯಲಾಗುವುದಿಲ್ಲ. ಆಸ್ಪತ್ರೆಯಿಂದ ಡಾರ್ಲಿಂಗ್ ನದಿಯಾಚೆಯ ನಮ್ಮ ಊರಿಗೆ ನಾಲ್ಕು ಗಂಟೆಯ ದಾರಿ. ವ್ಯಾನಿನಲ್ಲಿ ಶೌಚಾಲಯವಿಲ್ಲ, ನಡುವೆ ನಿಲ್ಲಿಸಲು ಅನುಮತಿಯೂ ಇಲ್ಲ. ಈ ಎರಡನ್ನೂ ನೀವೊಬ್ಬರೇ ಕೂತು ಯೋಚಿಸಿದಿರೋ, ಸಮಿತಿಯೇ ಬೇಕಾಯಿತೋ?

ಮೊದಲ ಸಲ ಚಾಲಕ ಕೆಲ್ವಿನ್‌ನನ್ನು ಅಂಗಲಾಚಿದೆ.

“ನಿಲ್ಸೋ ಹಾಗಿಲ್ಲ ಡೋರೀನ್, ಮೇಲಿಂದ ಆರ್ಡರು. ನನ್ ಕೆಲ್ಸ ಹೋಗತ್ತೆ.”

“ನಿನ್ ಕೆಲ್ಸ ಆಮೇಲೆ ಹೋಗತ್ತೆ ಕಣೋ, ಇಲ್ಲಿ ನನ್ ಮಾನ ಈಗ್ಲೇ ಹೋಗ್ತಿದೆ!”

ಹೋಯಿತು. ಊರು ಮುಟ್ಟುವವರೆಗೂ ಅದರಲ್ಲೇ ಕುಳಿತಿದ್ದೆ. ಜೊತೆಗಿದ್ದ ರೋಗಿಗಳೆಲ್ಲ ಕಿಟಕಿ ಇಳಿಸಿದರು. ಮರುದಿನ ಆಸ್ಪತ್ರೆಗೆ ಫೋನ್ ಮಾಡಿ, ಇನ್ನು ಚಿಕಿತ್ಸೆಗೆ ಬರುವುದಿಲ್ಲ ಎಂದೆ.

ಸಂಜೆ ಆಂಟಿ ಮರ್ಲ್ ಮನೆಗೆ ಬಂದಳು. ಅದೇ ವ್ಯಾನಿನಲ್ಲಿ ಸ್ತನದ ಕ್ಯಾನ್ಸರಿಗೆಂದು ಬರುವ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಿರಿಯಳು. ಕೂರುವ ಮುಂಚೆಯೇ ಬೈದಳು: “ಕ್ಯಾನ್ಸರ್‌ಗೇ ಹೆದರ್ದೇ ಇದ್ದೋಳು, ಚಡ್ಡಿ ಒದ್ದೆ ಆಯ್ತು ಅಂತ ಸಾಯ್ತೀಯೇನೇ? ನಡಿ, ಗುರುವಾರ ಜೊತೇಲಿ ಹೋಗೋಣ.”

ಹೋದೆವು. ಬರುವಾಗ ಮತ್ತೆ ಹೊಟ್ಟೆ ಮುರಿಯಿತು. ಕೆಲ್ವಿನ್ ಮತ್ತೆ ಆರ್ಡರು ಎನ್ನುವಷ್ಟರಲ್ಲಿ ಆಂಟಿ ಎದ್ದು ನಿಂತಳು. “ನಂಗೂ ಇಳೀಬೇಕು.” ಹಿಂದಿನ ಸೀಟಿನ ಮುದುಕ ಆರ್ಥರ್, “ನಂಗೂ,” ಎಂದ. ಆಮೇಲೆ ವ್ಯಾನಿಗೆ ವ್ಯಾನೇ “ನಂಗೂ” ಎಂದು ಕೂಗಿತು. ಕೆಲ್ವಿನ್ ಬ್ರೇಕ್ ಒತ್ತಿದ. ಬಟಾಬಯಲಿನಲ್ಲಿ, ತಲೆಗೂದಲಿಲ್ಲದ ಆ ಜನ ನನ್ನ ಸುತ್ತ ಬೆನ್ನು ತಿರುಗಿಸಿ, ಕಂಬಳಿ ಹಿಡಿದು ನಿಂತರು. ನನಗೆ ಸಂಕೋಚವಾಗಬಾರದೆಂದು ಆಂಟಿ ಗಟ್ಟಿಯಾಗಿ ಹಾಡಿದಳು. ನಾನು ಕಂಬಳಿಯ ಹಿಂದೆ ಅಳುತ್ತಲೇ ನಕ್ಕೆ.

ಇದೀಗ ನಿಮ್ಮ ನೋಟಿಸು: ಕೆಲ್ವಿನ್‌ಗೆ ಎಚ್ಚರಿಕೆ, ನಮಗೆ ‘ಸೇವೆಗೆ ಅಡ್ಡಿಪಡಿಸಿದರೆ ಸೀಟು ರದ್ದು’. ಯಾರ ಸೇವೆ, ಸ್ವಾಮಿ? ನಿಮ್ಮ ಕಚೇರಿಯ ಶೌಚಾಲಯಕ್ಕೆ ಹೋಗಲು ನೀವು ಯಾರ ಸಹಿ ಪಡೆಯುತ್ತೀರಿ?

ಶೌಚಾಲಯವಿರುವ ವಾಹನ ಕೊಡಿ. ಅದು ಬರುವವರೆಗೆ, ಕೇಳಿದಲ್ಲಿ ನಿಲ್ಲಿಸಿ ಎಂದು ಲಿಖಿತ ಆದೇಶ ಹೊರಡಿಸಿ. ಕೆಲ್ವಿನ್ ಮೇಲಿನ ಎಚ್ಚರಿಕೆಯನ್ನು ಹಿಂಪಡೆಯಿರಿ. ನೀವು ಏನೇ ಮಾಡಿ, ಬಿಡಿ, ನಾನು ಚಿಕಿತ್ಸೆ ಬಿಡುವುದಿಲ್ಲ. ಬರುವ ಗುರುವಾರವೂ ಹೊಟ್ಟೆ ಕರೆದರೆ ನಾವೆಲ್ಲ ಇಳಿಯುತ್ತೇವೆ. ರದ್ದು ಮಾಡುವುದಾದರೆ ಇಡೀ ವ್ಯಾನನ್ನೇ ರದ್ದು ಮಾಡಿ, ನೋಡೋಣ.

ಇಂತಿ,
ಸದ್ಯಕ್ಕೆ ಬದುಕಿರುವ, ಬದಲಿ ಪ್ಯಾಂಟಿಲ್ಲದೆ ಹೊಸ್ತಿಲು ದಾಟದ,
ಡೋರೀನ್ ಹ್ಯಾಕೆಟ್