ಬಾಲವಿರುವ ವೃತ್ತ

ಜೆಲೆನ್‌ಬ್ರೊದ್, ಸರ್ಬಿಯಾ
ಏಪ್ರಿಲ್ ೨೧, ಭಾನುವಾರ

ಪ್ರೀತಿಯ ನೆವೆಂಕಾ,

ಹೇಗಿದ್ದೀಯ? ನಿನ್ನ ಮೊಣಕಾಲು ಈಗಲಾದರೂ ಮೆಟ್ಟಿಲು ಹತ್ತಲು ಬಿಡುತ್ತದೆಯೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಹರಿದು ಒಲೆಗೆ ಹಾಕಿದೆ. ಇಲ್ಲಿ ನಾವೆಲ್ಲ ಆರೋಗ್ಯ. ರಾದಿವೊಯೆ ಪೀಠೋಪಕರಣದ ಕಾರ್ಖಾನೆಯಿಂದ ನಿವೃತ್ತನಾದರೂ ಬಡಗಿತನ ಬಿಟ್ಟಿಲ್ಲ. ಹಿತ್ತಲ ಶೆಡ್ಡಿನಲ್ಲಿ ದಿನವಿಡೀ ಕುರ್ಚಿಯ ಕಾಲು ಕೆತ್ತುತ್ತಾನೆ, ಸಂಜೆ ಬೆನ್ನುನೋವು ಎಂದು ನನ್ನ ಮೇಲೆ ರೇಗುತ್ತಾನೆ. ಮಗಳು ಬೊಯಾನಾಳ ಸರ್ಕಾರಿ ಶಿಶುವಿಹಾರದ ಕೆಲಸ ಖಾಯಂ ಆಯಿತು. ಅದರ ಕಥೆ ಆಮೇಲೆ.

"ನಿಮ್ಮಲ್ಲಿ ನಡೆದದ್ದು ಚುನಾವಣೆಯೋ ನಾಟಕವೋ? ಇಲ್ಲಿ ಇಟಲಿಯಲ್ಲಿ ತ್ರಿಯೆಸ್ತೆಯ ಪೇಪರಿನವರು ಒಬ್ಬೊಬ್ಬರು ಒಂದೊಂದು ಬರೀತಾರೆ. ನೀನು ಮತಗಟ್ಟೆಯೊಳಗೇ ಕೂತವಳು, ನೀನೇ ಹೇಳು" ಎಂದು ಕೇಳಿದ್ದೀಯ. ಹೇಳುತ್ತೇನೆ. ಹೇಳದಿದ್ದರೆ ಈ ಕಾಗದವೂ ಒಲೆಗೇ ಹೋಗುತ್ತದೆ.

ವಿರೋಧ ಪಕ್ಷದ ಪರವಾಗಿ ಮತಗಟ್ಟೆಯಲ್ಲಿ ಕೂರುವವಳು ಈಗಲೂ ನಾನೇ. ತೊಂಬತ್ತಾರರ ಚಳಿಗಾಲದಲ್ಲಿ ಆಗಿನ ಸರ್ಕಾರದವರು ನಮ್ಮ ಓಟು ಕದ್ದಾಗ ನೀನೂ ನಾನೂ ಕಿಟಕಿಯಲ್ಲಿ ನಿಂತು ಪಾತ್ರೆ ಬಡಿದೆವಲ್ಲ! ಏಳೂವರೆಗೆ ಟಿವಿ ವಾರ್ತೆ ಶುರುವಾದ ಕೂಡಲೇ, ಅವರ ಸುಳ್ಳು ಯಾರ ಕಿವಿಗೂ ಬೀಳಬಾರದೆಂದು. ತಳ ನೆಗ್ಗಿದ ಆ ಪಾತ್ರೆಯನ್ನು ರಾದಿವೊಯೆ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದಾನೆ. ಬಂದವರಿಗೆಲ್ಲ ಅದರ ಕಥೆ ಹೇಳದೆ ಕಾಫಿ ಕೊಡುವುದಿಲ್ಲ. ಶಾಲೆಯಲ್ಲಿ ತೋರಿಸಲು ನಿನ್ನ ಮೊಮ್ಮಗಳು ಅದರ ಫೋಟೋ ಕೇಳಿದ್ದಾಳೆಂದು ನೀನು ಬರೆದಿದ್ದೆ. ಅದನ್ನು ಓದಿದಾಗಿನಿಂದ ಆ ಗೋಡೆಗೆ ಬೆನ್ನು ಹಾಕಿಯೇ ಅಡುಗೆ ಮಾಡುತ್ತಿದ್ದೇನೆ.

ಚುನಾವಣೆಗೆ ಎರಡು ವಾರವಿದ್ದಾಗ ಮೊಮ್ಚಿಲೊ ಬಂದ. ಈಗ ಆಳುವ ಪಕ್ಷಕ್ಕೆ ನಮ್ಮೂರಲ್ಲಿ ಅವನೇ ದೊಡ್ಡ ಮನುಷ್ಯ. ಆರನೇ ಕ್ಲಾಸಿನಲ್ಲಿ ನನ್ನ ಗಣಿತದ ಪಾಠಕ್ಕೆ ಕೈವಾರ ಹಿಡಿಯಲು ಬಾರದೆ ಅಳುತ್ತಿದ್ದ ಮೊಮ್ಚಿಲೊ! ಅರ್ಧ ಕಿಲೋ ಕಾಫಿಪುಡಿ ಹಿಡಿದು, ಮದುವೆಗೆ ಕರೆಯಲು ಬಂದವನ ಹಾಗೆ ನಗುತ್ತ ಕೂತ.

"ಟೀಚರ್, ಬೊಯಾನಾ ಶಿಶುವಿಹಾರಕ್ಕೆ ಸೇರಿ ಆರು ವರ್ಷ ಆಯ್ತಲ್ಲ, ಇನ್ನೂ ಮೂರ್ಮೂರು ತಿಂಗಳ ಗುತ್ತಿಗೇನಾ? ಪಾಪ. ಮಕ್ಳು ಅವಳನ್ನ ಎಷ್ಟು ಹಚ್ಕೊಂಡಿವೆ."

"ಅದಕ್ಕೇನೀಗ?"

"ಏನಿಲ್ಲ. ಈ ಸಲ ಖಾಯಂ ಮಾಡೋರ ಪಟ್ಟೀಲಿ ಅವಳ ಹೆಸ್ರಿದೆ. ಚುನಾವಣೆ ಒಂದು ಮುಗೀಲಿ ಅಂತ ಕಾಯ್ತಿದ್ದಾರೆ."

"ಯಾರಪ್ಪ ಕಾಯ್ತಿರೋದು?"

"ಅಯ್ಯೋ, ಪರೀಕ್ಷೇಲೂ ನೀವು ಹಿಂಗೇ ಕೊಕ್ಕೆ ಹಾಕ್ತಿದ್ರಿ ಟೀಚರ್!"

ಅಷ್ಟರಲ್ಲಿ ರಾದಿವೊಯೆ ಉಳಿ ಹಿಡಿದುಕೊಂಡೇ ಒಳಗೆ ಬಂದ. "ಏಯ್, ನಿನ್ನ ಕಾಫಿ ಎತ್ಕೊಂಡು ನಡಿ ಆಚೆ. ಆ ಪಾತ್ರೆ ಕಾಣ್ತಿದೆಯಾ? ಈ ಮನೇಲಿ ಓಟು ಮಾರಾಟಕ್ಕಿಲ್ಲ!"

"ಯಾರು ಕೇಳಿದ್ರು ಯಜಮಾನ್ರೇ? ಓಟು ಗುಟ್ಟಿನದು. ನಿಮ್ಮಿಷ್ಟ," ಎಂದು ನಗುತ್ತಲೇ ಎದ್ದು ಹೋದ. ಕಾಫಿಪುಡಿ ಮೇಜಿನ ಮೇಲೇ ಉಳಿಯಿತು. ಎರಡು ದಿನ ಅದನ್ನು ನಾವಿಬ್ಬರೂ ಮುಟ್ಟಲಿಲ್ಲ. ಮೂರನೆಯ ದಿನ ಮನೆಯ ಪುಡಿ ಮುಗಿಯಿತು, ಅದನ್ನೇ ಕುದಿಸಿ ಕುಡಿದೆವು. ಚೆನ್ನಾಗಿತ್ತು, ಥೂ.

ಚುನಾವಣೆಯ ದಿನ ಎಲ್ಲವೂ ಕ್ರಮಬದ್ಧವಾಗಿ ನಡೆಯಿತು. ನಂಬು. ಓಟು ಹಾಕುವ ಮೇಜಿನ ಸುತ್ತ ರಟ್ಟಿನ ಅಡ್ಡವನ್ನು ನಾನೇ ನಿಲ್ಲಿಸಿದೆ, ಕಿಟಕಿಯ ಕಡೆಯಿಂದಲೂ ಯಾರೂ ಇಣುಕದ ಹಾಗೆ ಮೂಲೆಗೆ ತಿರುಗಿಸಿ. ಮಧ್ಯಾಹ್ನ ಹೊರದೇಶದ ವೀಕ್ಷಕಿಯೊಬ್ಬಳು ಬಂದಳು. ಎತ್ತರದ ಹುಡುಗಿ, ಸೌಮ್ಯ ಮುಖ. "ಇಲ್ಲಿ ಯಾರಿಗಾದರೂ ಒತ್ತಡ ಇತ್ತೇ?" ಎಂದು ದುಭಾಷಿಯ ಮೂಲಕ ನನ್ನನ್ನೇ ಕೇಳಿದಳು. ವಿರೋಧ ಪಕ್ಷದವಳು ನಾನಲ್ಲವೆ, ನನ್ನ ಮಾತಿಗೆ ತೂಕ ಹೆಚ್ಚು. "ಇಲ್ಲ" ಎಂದೆ. ಅವಳು ಬರೆದುಕೊಂಡಳು. ಮರುದಿನ ರೇಡಿಯೋದಲ್ಲಿ ಮತದಾನ ಶಾಂತಿಯುತವಾಗಿತ್ತು ಎಂದರು.

ಎಂಟಕ್ಕೆ ಬಾಗಿಲು ಹಾಕಿ ಎಣಿಕೆಗೆ ಕೂತೆವು. ಪಕ್ಷದ ನಂಬರಿಗೆ ಪೆನ್ನಿನಿಂದ ಸುತ್ತು ಹಾಕುವುದು ನಮ್ಮ ಪದ್ಧತಿ, ನಿನಗೆ ಗೊತ್ತು. ಆಳುವವರದು ಒಂದನೇ ನಂಬರು, ನಮ್ಮದು ನಾಲ್ಕು. ಒಂದೊಂದೇ ಚೀಟಿ ಎತ್ತಿ ಗಟ್ಟಿಯಾಗಿ ಓದುವ ಕೆಲಸ ನನ್ನದು. ಮೂವತ್ತೈದು ವರ್ಷ ಊರಿನ ಮಕ್ಕಳಿಗೆ ವೃತ್ತ ಎಳೆಯಲು ಕಲಿಸಿದವಳು ನಾನು, ಸುತ್ತು ನೋಡಿದರೆ ಕೈ ಯಾರದೆಂದು ಕೆಲವೊಮ್ಮೆ ತಿಳಿದುಬಿಡುತ್ತದೆ. ತಿಳಿದರೂ ಬಾಯಿ ಬಿಡುವುದಿಲ್ಲ.

ಪೆಟ್ಟಿಗೆ ಅರ್ಧ ಖಾಲಿಯಾಗಿತ್ತು. ಒಂದು ಚೀಟಿ ಎತ್ತಿದೆ, ಓದುವ ಬದಲು ಕಣ್ಣಿನ ಹತ್ತಿರ ಹಿಡಿದೆ. ಕೆಳಗಿನಿಂದ ಶುರುವಾಗಿ, ಎರಡು ಸಲ ತಿರುಗಿ, ಕೊನೆಗೆ ಹಂದಿಮರಿಯ ಬಾಲದ ಹಾಗೆ ಹೊರಗೆ ಬಂದ ಸುತ್ತು. ನಲವತ್ತು ವರ್ಷದಿಂದ ಪ್ರತಿ ದಿನ ಪೇಪರಿನಲ್ಲಿ ಫುಟ್‌ಬಾಲ್ ಆಟದ ವೇಳೆಯ ಮೇಲೆ ಗುರುತಿಗೆ ಹಾಕಿಡುವ ಸುತ್ತು. ಮರಕ್ಕೆ ತೂತು ಕೊರೆಯುವ ಮೊದಲು ಹಾಕುವ ಸುತ್ತು. ನನ್ನ ಗಂಡನದು, ನೆವೆಂಕಾ. ಒಂದನೇ ನಂಬರಿನ ಮೇಲೆ.

"ಏನಾಯ್ತು ಟೀಚರ್? ಕನ್ನಡಕ ಬೇಕಾ?" ಎಂದಳು ಅಂಚೆ ಕಚೇರಿಯ ಮಿಲೆವಾ. ಅವಳು ಆಳುವ ಪಕ್ಷದವರ ಪರವಾಗಿ ಕೂತಿದ್ದಳು.

"ಒಂದು," ಎಂದು ಓದಿದೆ.

ಮನೆಗೆ ಬಂದಾಗ ರಾದಿವೊಯೆ ಹುರುಳಿಕಾಯಿ ಸಾರು ಬಿಸಿಯಾಗಿಟ್ಟು ಟಿವಿಯ ಮುಂದೆ ಕೂತಿದ್ದ. "ಗೆದ್ರು ಕಳ್ ನನ್ಮಕ್ಳು! ಈ ದೇಶದ ಜನಕ್ಕೆ ಬೆನ್ನುಮೂಳೆ ಅನ್ನೋದೇ ಇಲ್ಲ," ಎಂದು ಕೂಗಾಡುತ್ತಿದ್ದ. ಆಮೇಲೆ ನನ್ನ ಕಡೆ ನೋಡದೆ ಕೇಳಿದ, "ನಮ್ಮ ಪೆಟ್ಟಿಗೇಲಿ ನಮ್ಮೋರಿಗೆ ಎಷ್ಟು ಬಂತು?"

"ಎಪ್ಪತ್ತೊಂಬತ್ತು."

"ನಮ್ಮಿಬ್ರದೂ ಸೇರಿ?"

"ಸೇರಿ," ಎಂದೆ.

ಸಾರು ಬಡಿಸಿಕೊಂಡು ಉಂಡೆವು. ಅವನ ಬಾಯಿ ಅಗಿಯುವುದನ್ನು ನೋಡಿ ನನಗೆ ಅಸಹ್ಯವಾಯಿತು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅಂಥ ಅಸಹ್ಯ ಎಂದೂ ಆಗಿರಲಿಲ್ಲ.

ಹತ್ತು ದಿನ ಕಳೆದು ಬೊಯಾನಾ ಖಾಯಂ ಆದೇಶ ಹಿಡಿದುಕೊಂಡು ಓಡಿಬಂದಳು. ಕುಣಿದಾಡಿಬಿಟ್ಟಳು ಹುಡುಗಿ. "ನೋಡಮ್ಮ, ನೀನು ಸುಮ್ನೆ ಎಲ್ಲದಕ್ಕೂ ಹೆದರ್ತಿದ್ದೆ. ಶಿಶುವಿಹಾರದಲ್ಲಿ ಎಲ್ಲರೂ ಒಂದಕ್ಕೇ ಹಾಕು ಅಂದ್ರು. ನಾನು ಕೇಳ್ಲೇ ಇಲ್ಲ, ನಾಲ್ಕಕ್ಕೇ ಹಾಕ್ದೆ, ನೀವಿಬ್ರೂ ಕಲಿಸಿದ ಹಾಗೆ. ಆದ್ರೂ ಕೆಲಸ ಕೊಟ್ರಲ್ಲ! ನಮ್ಮ ದೇಶ ನೀವು ಹೇಳೋವಷ್ಟೇನೂ ಕೆಟ್ಟಿಲ್ಲ."

ರಾದಿವೊಯೆ ಮಗಳ ತಲೆ ಸವರಿ, ಮೂರು ಲೋಟಕ್ಕೆ ಮನೆಯಲ್ಲೇ ಭಟ್ಟಿ ಇಳಿಸಿದ ರಾಕಿಯಾ ಸುರಿದ. "ಯಾರ ಮಗಳು ನೀನು!" ಎಂದ. ನಾನು ಈರುಳ್ಳಿ ಹೆಚ್ಚುವ ನೆಪ ಮಾಡಿಕೊಂಡು ಒಳಗೆ ಹೋದೆ.

ಅವಳಿಗೆ ಏನೆಂದು ಹೇಳಲಿ, ಹೇಳು? ತನ್ನ ಧೈರ್ಯಕ್ಕೆ ಯಾರೂ ಶಿಕ್ಷೆ ಕೊಡಲಿಲ್ಲ ಎಂದುಕೊಂಡಿದ್ದಾಳೆ. ಹಾಗೇ ಅಂದುಕೊಂಡಿರಲಿ.

ನಿನ್ನ ಮೊಣಕಾಲಿಗೆ ಎಲೆಕೋಸಿನ ಎಲೆ ಕಟ್ಟು, ಡಾಕ್ಟರರ ಮಾತು ಅರ್ಧ ಕೇಳಿದರೆ ಸಾಕು. ನಿನ್ನನ್ನೂ ನಿನ್ನ ಮೊಮ್ಮಗಳನ್ನೂ ದೇವರು ನೂರು ವರ್ಷ ಸುಖವಾಗಿ ಇಟ್ಟಿರಲಿ. ಆ ಮಗು ಯಾರಿಗೂ ಹೆದರದೆ ಬೆಳೆಯಲಿ.

ನಿನ್ನ,
ದೆಸಾಂಕಾ

ತಾ.ಕ. ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಎರಡು ದಿನದ ಮೇಲೆ ಮತ್ತೆ ತೆಗೆದೆ. ಅರ್ಧ ಹೇಳಿ ಎಲ್ಲವನ್ನೂ ಗಂಡನ ತಲೆಗೆ ಕಟ್ಟಿದರೆ ನನ್ನಂಥ ನೀಚಳು ಇನ್ನೊಬ್ಬಳಿಲ್ಲ. ಆ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಮತಗಟ್ಟೆಯ ಮೊದಲ ಓಟು ಹಾಕಿದವಳು ನಾನು. ನಾನೇ ನಿಲ್ಲಿಸಿದ ರಟ್ಟಿನ ಹಿಂದೆ, ನೊಣವೂ ನೋಡದ ಜಾಗದಲ್ಲಿ, ಒಂದನೇ ನಂಬರಿಗೆ ಸುತ್ತು ಹಾಕಿದೆ. ಒಳ್ಳೆಯ ದುಂಡನೆಯ ವೃತ್ತ. ನಾಲ್ಕಕ್ಕೆ ಹಾಕಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ತೊಂಬತ್ತಾರರಲ್ಲಿ ಕದ್ದರು, ಬೀದಿಗಿಳಿದು ಕೂಗಿದೆವು. ಈ ಸಲ ಯಾರೂ ಕದಿಯಲಿಲ್ಲ, ನಾನೇ ಕೊಟ್ಟೆ. ಯಾರ ಮೇಲೆ ಕೂಗಲಿ? ನೀನು ಕೇಳಿದ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಮೊಮ್ಮಗಳಿಗೆ ಫೋಟೋ ಬೇಡ, ಪಾತ್ರೆಯನ್ನೇ ತ್ರಿಯೆಸ್ತೆಯ ಬಸ್ಸಿಗೆ ಹಾಕಿದ್ದೇನೆ, ನಿಲ್ದಾಣದಲ್ಲಿ ಇಟ್ಟಿರುತ್ತಾರೆ, ಹೋಗಿ ತಗೋ. ನಿನ್ನೆ ಗೋಡೆಯಿಂದ ತೆಗೆದೆ. ರಾದಿವೊಯೆ ಕಾಫಿಗೆ ಒಳಗೆ ಬಂದವನು ಖಾಲಿ ಮೊಳೆಯನ್ನು ನೋಡಿದ. ನನ್ನನ್ನೂ ನೋಡಿದ. ನಿಂತೇ ಕಾಫಿ ಕುಡಿದು ಶೆಡ್ಡಿಗೆ ಹೋದ. ಪಾತ್ರೆ ಎಲ್ಲಿ ಎಂದು ಕೇಳಲಿಲ್ಲ.