ಎಡಗೈ ಎತ್ತಿದ ಸಂತ

ಸ್ಪಿಲಿಂಬೆರ್ಗೊ
೩ ನವೆಂಬರ್ ೧೯೯೧, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಇರ್ಮಾ,

ಹೇಗಿದ್ದೀಯೆ ಮಾರಾಯ್ತಿ? ತ್ರಿಯೆಸ್ತೆಯಲ್ಲಿ ಈ ವಾರ ಬೋರಾ ಗಾಳಿ ಬೀದಿಯಲ್ಲಿ ನಿಂತವರನ್ನೇ ಎತ್ತಿ ಒಗೆಯುತ್ತಿದೆ ಎಂದು ರೇಡಿಯೊದವನು ಹೇಳಿದಾಗಿನಿಂದ ನನ್ನ ಜೀವವೆಲ್ಲ ನಿನ್ನ ಮೊಣಕಾಲಿನ ಮೇಲೇ ಇದೆ. ಉಣ್ಣೆಯ ಪಟ್ಟಿ ಕಟ್ಟುತ್ತೀಯೋ, ಇಲ್ಲ ‘ನನಗೇನಾಗಿದೆ ಧಾಡಿ’ ಎಂದು ಹಾಗೇ ಓಡಾಡುತ್ತೀಯೋ? ಹೋದ ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿನಲ್ಲಿ ಕೆಮ್ಮು ಎಂದು ಬರೆದಿದ್ದೆ. ಅದು ಹೋಯಿತೇ? ಹತ್ತು ತಿಂಗಳಾದ ಮೇಲೆ ಕೇಳುತ್ತಿದ್ದಾಳೆ ನೋಡು ಎಂದು ನಗಬೇಡ. ಕಾಫಿ ಬೀಜ ಹುರಿಯುವ ಅಂಗಡಿಯ ಹೊಗೆಯಲ್ಲಿ ದಿನವಿಡೀ ನಿಂತರೆ ಕೆಮ್ಮು ಬಾರದೆ ಇನ್ನೇನು ಬರುತ್ತದೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಐವತ್ತೊಂಬತ್ತಾಯಿತು, ಹಲ್ಲು ಎರಡು ಹೋದವು, ನಾಲಿಗೆ ಮಾತ್ರ ಇದ್ದ ಹಾಗೇ ಇದೆ ಎಂದು ಊರವರು ಹೇಳುತ್ತಾರೆ.

ಅಪ್ಪನ ಕೊಟ್ಟಿಗೆ ನಡೆಯುತ್ತಿದೆ. ಬಾಗಿಲಿಗೆ ‘ಮೊಸಾಯಿಕ್ ಸ್ಟುಡಿಯೊ’ ಎಂದು ಬೋರ್ಡು ಹಾಕಿ ಎಷ್ಟು ವರ್ಷವಾದರೂ ನನ್ನ ಬಾಯಲ್ಲಿ ಅದು ಕೊಟ್ಟಿಗೆಯೇ. ದೊಡ್ಡ ಕೆಲಸ ಮೊದಲಿನಷ್ಟಿಲ್ಲ. ಈ ವರ್ಷ ಎರಡು ಅಡುಗೆಮನೆಯ ಗೋಡೆ, ಒಂದು ಕಾರಂಜಿ, ಅಷ್ಟೆ. ತರಗತಿ ಮಾತ್ರ ತುಂಬಿದೆ. ಬುಧವಾರ ಸಂಜೆ ಏಳು ಜನ ಬರುತ್ತಾರೆ. ಊರಿನ ದೊಡ್ಡ ಮೊಸಾಯಿಕ್ ಶಾಲೆಗೆ ಎಲ್ಲೆಲ್ಲಿಂದಲೋ ಹುಡುಗರು ಬಂದು ಸೇರುತ್ತಾರೆ. ಅದರ ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದು ಕಲ್ಲು, ಗಾಜಿನ ಒಂದು ಹರಳನ್ನೂ ಕೈಯಲ್ಲಿ ಹಿಡಿದು ಚಿತ್ರಕ್ಕೆ ಕೂರಿಸದ ಮುದುಕ ಮುದುಕಿಯರು ನನ್ನ ಪಾಲು. ಅಂಚೆ ಕಚೇರಿಯ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದ ಯೊಲಾಂಡಾ ನೆನಪಿದ್ದಾಳಲ್ಲ, ಅವಳೂ ಸೇರಿದ್ದಾಳೆ. ಕೈ ಒಂದು ಹರಳು ಕತ್ತರಿಸುವಷ್ಟರಲ್ಲಿ ಬಾಯಿ ನಾಲ್ಕು ಮನೆ ಸುತ್ತಿ ಬಂದಿರುತ್ತದೆ. ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಕಲ್ಲು ಆರಿಸಲೆಂದು ತಾಲ್ಯಮೆಂತೊ ನದಿಗೆ ಕರೆದುಕೊಂಡು ಹೋಗಿದ್ದೆ. ಇವಳು ನೀರೊಳಗೆ ಹೊಳೆಯುವುದನ್ನೆಲ್ಲ ಬುಟ್ಟಿಗೆ ತುಂಬಿದಳು. ಒಣಗಿಸಿ ನೋಡಿ ಆರಿಸು ಎಂದರೆ ಕೇಳಬೇಕಲ್ಲ. ಇಲ್ಲಿಗೆ ಬಂದು ಸುರಿದರೆ ಎಲ್ಲವೂ ಬೂದಿ ಬಣ್ಣ. ‘ದಾರೀಲಿ ಯಾರೋ ನನ್ನ ಕಲ್ಲು ಬದಲಾಯಿಸಿದಾರೆ ಕಣ್ರೀ!’ ಎಂದು ಬೊಬ್ಬೆ ಹೊಡೆದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ, ನೀನು ಅಲ್ಲಿ ಇರುತ್ತೀಯೆಂದು. ಅಭ್ಯಾಸ ಹೋಗಿಲ್ಲ.

ಈಗ ಈ ಪತ್ರ ಬರೆಯಲು ಕೂತದ್ದು ದುಯಿಲಿಯೊನಿಂದಾಗಿ. ಚರ್ಚಿನ ಮೂಲೆಯಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದಾನಲ್ಲ, ಅವನೇ. ನಿನಗೆ ಯಾರೂ ತಿಳಿಸಿರಲಾರರು, ಅವನ ಹೆಂಡತಿ ಅಲ್ಬೀನಾ ಮಾರ್ಚಿನಲ್ಲಿ ತೀರಿಕೊಂಡಳು. ಹದಿನೈದೇ ದಿನದ ಕಾಯಿಲೆ. ಅವನು ಅಂಗಡಿಗೆ ಬೀಗ ಹಾಕಿ ಏಪ್ರಿಲ್ ಪೂರ್ತಿ ಯಾರಿಗೂ ಮುಖ ತೋರಿಸಲಿಲ್ಲ. ಮೇ ತಿಂಗಳ ಒಂದು ಬುಧವಾರ ಬಂದು ಬಾಗಿಲಲ್ಲಿ ನಿಂತು, ಕೈಯಲ್ಲಿ ಟೋಪಿ ತಿರುಗಿಸುತ್ತಾ, ‘ಟೀಚರಮ್ಮ, ನನಗೂ ಕಲಿಸ್ತೀರಾ?’ ಎಂದ. ನಾನು ಲಂಗ ಹಾಕುತ್ತಿದ್ದಾಗಿನಿಂದ ನನ್ನನ್ನು ನೋಡಿದವನು, ಏನೇ ನಿವೆಸ್ ಎಂದು ಕರೆಯುವವನು, ಅವತ್ತು ಟೀಚರಮ್ಮ ಎಂದುಬಿಟ್ಟ. ಎಲ್ಲರ ಗೋರಿಯ ಮೇಲೂ ಪಿಂಗಾಣಿಯ ಫೋಟೊ ಇರುತ್ತದೆ. ಅಲ್ಬೀನಾಳ ಗೋರಿಗೆ ತಾನೇ ಹರಳಿನಲ್ಲಿ ಅವಳ ಮುಖ ಮಾಡಿ ಹಚ್ಚಬೇಕು, ಅದೂ ಊರೆಲ್ಲ ಗೋರಿಗಳಿಗೆ ಹೂ ಇಡುವ ಸತ್ತವರ ದಿನದ ಹೊತ್ತಿಗೆ ಆಗಬೇಕು ಎನ್ನುವುದೊಂದೇ ಅವನ ಹಟ. ಹೊಸಬರು ಮುಖಕ್ಕೆ ಕೈ ಹಾಕಬಾರದು, ಮೊದಲು ಎಲೆ, ಆಮೇಲೆ ಮೀನು ಎಂದು ನನ್ನ ಪಾಠ ಶುರುಮಾಡಿದೆ. ‘ಮೀನು ತಗೊಂಡು ನಾನೇನ್ ಮಾಡ್ಲಿ? ಅದೇನು ನನ್ನ ಹೆಂಡ್ತಿಯಾ?’ ಎಂದ. ನಾನು ಸುತ್ತಿಗೆ ಕೈಗೆ ಕೊಟ್ಟೆ. ಬುಧವಾರ ಮಾತ್ರವಲ್ಲ, ಐದು ತಿಂಗಳು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕೂತ. ಅವನ ಕೈ ನೋಡಬೇಕಿತ್ತು ನೀನು. ಕ್ಷೌರದ ಕತ್ತಿ ಹಿಡಿದು ಪಳಗಿದ ಕೈ, ಬಣ್ಣದ ಗಾಜು ಅವನು ಹೇಳಿದಲ್ಲೇ ಸೀಳುತ್ತಿತ್ತು. ಅವಳ ಕೂದಲಿಗೆಂದೇ ಹನ್ನೊಂದು ಬಗೆಯ ಬೂದು ಬಣ್ಣ ಹುಡುಕಿಸಿ ನನ್ನ ಪ್ರಾಣ ತಿಂದ.

ಹೊಸಬರಿಗೆ ನಾನು ಮಾಡುವ ಪಾಠ ನಿನಗೆ ಬಾಯಿಪಾಠ. ಅಪ್ಪ ನಮ್ಮಿಬ್ಬರ ತಲೆಗೆ ಮೊಟಕಿ ಕಲಿಸಿದ್ದು. ಚಿತ್ರವನ್ನು ತೆಳು ಕಾಗದದ ಮೇಲೆ ತೆಗೆದು, ಅದನ್ನು ಮಗುಚಿ, ಎಡಬಲ ತಿರುಗಿದ ಗೆರೆಗಳನ್ನು ದಪ್ಪ ಕಾಗದಕ್ಕೆ ಇಳಿಸಬೇಕು. ಆ ಗೆರೆಗಳ ಮೇಲೆ ಹರಳುಗಳನ್ನು ಮುಖ ಕೆಳಗೆ ಮಾಡಿ ಹಿಟ್ಟಿನ ಗೋಂದಿನಿಂದ ಅಂಟಿಸಬೇಕು. ಆಮೇಲೆ ಅದನ್ನು ಹಾಗೇ ಎತ್ತಿ ಹಸಿ ಗಾರೆಯ ಮೇಲೆ ಬೋರಲು ಹಾಕಿ, ಗಾರೆ ಕಚ್ಚಿಕೊಂಡ ಮೇಲೆ ಕಾಗದವನ್ನು ನೆನೆಸಿ ಸುಲಿದರೆ ಎಡಬಲ ಎಲ್ಲ ನೆಟ್ಟಗಾಗಿರುತ್ತದೆ. ಅಲ್ಲಿಯವರೆಗೆ ಮಾಡಿದವರಿಗೂ ಅದರ ಮುಖ ಕಾಣುವುದಿಲ್ಲ. ಹಾಗಾಗಿಯೇ ಅಪ್ಪನ ಆ ಕಟ್ಟಳೆ: ಗೆರೆ ಇಳಿಸುವಾಗ ತೆಳು ಕಾಗದದ ಯಾವ ಬದಿ ಮೇಲೆ ಬರಬೇಕೋ ಆ ಬದಿಯ ಮೂಲೆಯಲ್ಲಿ ಚಿತ್ರ ತೆಗೆದವರು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಹರಳು ಇಡುವವರು ಗುರುತು ನೋಡಿ ಇಡಬೇಕು, ಎದುರು ಪ್ರಶ್ನೆ ಕೇಳಬಾರದು. ಅಲ್ಬೀನಾಳ ಫೋಟೊ ನೋಡಿ ಚಿತ್ರ ತೆಗೆದುಕೊಟ್ಟವಳು ನಾನು. ಗುರುತು ಹಾಕಿದವಳೂ ನಾನೇ.

ಹೋದ ಬುಧವಾರ ಕಾಗದ ಸುಲಿಯುವ ದಿನ. ಎಲ್ಲರೂ ತಮ್ಮ ಕೆಲಸ ಬಿಟ್ಟು ಅವನ ಮೇಜಿನ ಸುತ್ತ ನೆರೆದರು. ಅವನು ಬಿಸಿನೀರಿನ ಬಟ್ಟೆ ಹಾಕಿ, ಗಿರಾಕಿಯ ಗಡ್ಡ ನೆನೆಸುವ ಹಾಗೆ ನೆನೆಸಿ, ಮೆಲ್ಲಗೆ ಸುಲಿದ. ಮೊದಲು ಗಲ್ಲ, ಆಮೇಲೆ ತುಟಿ, ಕಣ್ಣು. ಏನು ಚೆನ್ನಾಗಿತ್ತು ಗೊತ್ತೇ! ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಅಷ್ಟರಲ್ಲಿ ಯೊಲಾಂಡಾ, ‘ಅಯ್ಯೋ, ಅಲ್ಬೀನಾ ಮಚ್ಚೆ ಎಡಗೆನ್ನೇಲಿ ಅಲ್ವಾ ಇದ್ದಿದ್ದು? ಬೈತಲೇನೂ ಉಲ್ಟಾ! ಏನ್ ದುಯಿಲಿಯೊ, ಮೂವತ್ತೆಂಟು ವರ್ಷ ಸಂಸಾರ ಮಾಡಿ ಹೆಂಡ್ತಿ ಮುಖಾನೇ ಮರ್ತ್‌ಬಿಟ್ಯಾ?’ ಎಂದಳು. ಇನ್ನಿಬ್ಬರು ಕಿಸಕ್ಕೆಂದರು. ಸತ್ತವರ ದಿನಕ್ಕೆ ಎರಡೇ ದಿನ ನಡುವೆ, ಗಾರೆ ಕಚ್ಚಿಕೊಂಡಾಗಿದೆ, ಸರಿಮಾಡಬೇಕೆಂದರೆ ಸುತ್ತಿಗೆಯಿಂದ ಒಡೆಯುವುದೊಂದೇ ದಾರಿ. ಗುರುತು ತಪ್ಪು ಬದಿಗೆ ಹಾಕಿದವಳು ನಾನು, ಅವನಲ್ಲ ಎಂದು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ ಇರ್ಮಾ. ಏಳು ಜನರ ಟೀಚರಮ್ಮ, ಅಪ್ಪನ ಮಗಳು, ಕಳ್ಳಬೆಕ್ಕಿನ ಹಾಗೆ ನೆಲ ನೋಡುತ್ತಾ ನಿಂತುಬಿಟ್ಟೆ.

ದುಯಿಲಿಯೊ ಸ್ಪಂಜಿನಿಂದ ಅವಳ ಹಣೆಯ ಮೇಲಿನ ಗೋಂದು ಒರೆಸಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಆಮೇಲೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಸುಮ್ನಿರೇ ಯೊಲಾಂಡಾ. ದಿನಾ ಬೆಳಿಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಅವಳನ್ನ ಕುರ್ಚೀಲಿ ಕೂರಿಸಿ ತಲೆ ಬಾಚ್ತಿದ್ದೆ. ನಾನು ಹಿಂದೆ ನಿಂತಿರ್ತಿದ್ದೆ, ಅವಳು ಕನ್ನಡೀಲಿ ನನ್ನ ನೋಡ್ಕೊಂಡು ಮಾತಾಡ್ತಿದ್ಲು. ನಮ್ಮ ಜಗಳ, ನಗು, ಎಲ್ಲಾ ಆ ಕನ್ನಡೀಲೇ. ಅವಳ ಫೋಟೊ ನೋಡ್ದಾಗೆಲ್ಲಾ ಇದ್ಯಾರೋ ಬೇರೆಯೋರ ಥರ ಇದಾಳಲ್ಲಾ ಅನ್ಸ್ತಿತ್ತು, ಯಾಕೇಂತ ಗೊತ್ತಾಗ್ತಿರ್ಲಿಲ್ಲ. ಈಗ ನೋಡು, ಇವಳು ನಮ್ಮ ಅಲ್ಬೀನಾ.’ ಹೇಳಿ ಅಳತೊಡಗಿದ. ಯೊಲಾಂಡಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅವನಿಗಿಂತ ಜೋರಾಗಿ ಅತ್ತಳು. ಒಡೆಯುವ ಮಾತೇ ಬರಲಿಲ್ಲ.

ನಿನ್ನೆ ಸತ್ತವರ ದಿನ. ಅಪ್ಪ ಅಮ್ಮನಿಗೆ ಸೇವಂತಿಗೆ ಇಟ್ಟು, ನಿನ್ನ ಪರವಾಗಿಯೂ ಒಂದು ದೀಪ ಹಚ್ಚಿ ಅಲ್ಬೀನಾಳ ಹತ್ತಿರ ಹೋದೆ. ಊರಿನ ಅರ್ಧ ಜನ ಅವಳ ಗೋರಿಯ ಮುಂದೆಯೇ ಇದ್ದರು. ಅವರೆಲ್ಲ ಚದುರಿದ ಮೇಲೆ ದುಯಿಲಿಯೊ ಕೋಟಿನ ಜೇಬಿನಿಂದ ಸುಟ್ಟ ಚೆಸ್ಟ್‌ನಟ್ ತೆಗೆದು ನನ್ನ ಕೈಗೆ ಹಾಕಿದ. ಆಗ ಹೇಳಿದೆ, ಗುರುತು ನನ್ನದು, ತಪ್ಪು ನನ್ನದು ಎಂದು. ಅವನು ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ‘ಗೊತ್ತು ಬಿಡೇ. ಬುಧವಾರಾನೇ ಆ ತೆಳು ಕಾಗದ ತಿರುಗಿಸಿ ನೋಡ್ದೆ’ ಎಂದ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ, ‘ಬಿಟ್ಟಿದ್ರೆ ಆ ಯೊಲಾಂಡಾ ಸ್ಟಾಂಪೂ ಹಚ್ದೇನೇ ಮನೆಮನೆಗೂ ಬಟವಾಡೆ ಮಾಡ್ತಿದ್ಲು. ತಪ್ಪಿಗೆ ಬೈಸ್ಕೊಂಡ್ರೆ ಎರಡು ದಿನಕ್ಕೆ ಮರ್ತುಹೋಗುತ್ತೆ ನಿವೆಸ್. ಹತ್ತು ಜನರ ಮುಂದೆ ಬೈಸ್ಕೊಂಡ್ರೆ ಅದು ಹೊಟ್ಟೇಲೇ ಕೂತ್ಬಿಡುತ್ತೆ’ ಎಂದ. ಅವನು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೆ ನಾನು ಆ ಚೆಸ್ಟ್‌ನಟ್ ತಿನ್ನದೆ ಹಾಗೇ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಏಕೆಂದು ನಿನಗೆ ಗೊತ್ತು. ನಾಲ್ಕು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿನಲ್ಲಿ ನಾವು ಹವಾಮಾನ ಬರೆದುಕೊಂಡೆವೇ ಹೊರತು ಆ ಸಂತನ ಸುದ್ದಿ ಎತ್ತಲಿಲ್ಲ. ಬೆಟ್ಟದ ಹಳ್ಳಿಯ ಪ್ರಾರ್ಥನಾಮಂದಿರಕ್ಕೆ ನಾನು ಚಿತ್ರ ತೆಗೆದು ನೀನು ಹರಳು ಇಟ್ಟ ಆಳೆತ್ತರದ ಸಂತ. ಪಾದ್ರಿ, ಊರಿನ ಹೆಂಗಸರು, ನಮ್ಮ ವಿದ್ಯಾರ್ಥಿಗಳು ಎಲ್ಲ ನಿಂತು ನೋಡುತ್ತಿರುವಾಗ ಕಾಗದ ಸುಲಿದರೆ ಸಂತ ಎಡಗೈ ಎತ್ತಿ ಆಶೀರ್ವಾದ ಮಾಡುತ್ತಿದ್ದ. ‘ಎಡಗೈ ಆಶೀರ್ವಾದ ತಗೊಂಡ್ರೆ ಇರೋ ಪುಣ್ಯಾನೂ ಹೋಗುತ್ತೆ’ ಎಂದು ಯಾವಳೋ ಅಂದಳು, ಎಲ್ಲರೂ ಗೊಳ್ಳೆಂದರು. ಆ ನಗುವಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ‘ಕಣ್ಣು ಬೆನ್ನಿಗಿದೆಯೇನೇ ನಿಂಗೆ? ಅಪ್ಪನ ಹೆಸರು ಮಣ್ಣುಪಾಲು ಮಾಡ್ದೆಯಲ್ಲೇ’ ಎಂದು ಅಷ್ಟು ಜನರ ಮುಂದೆ ನಿನ್ನ ಮೇಲೆ ಕೂಗಾಡಿದೆ. ನೀನು ತಿರುಗಿ ಒಂದು ಮಾತೂ ಆಡಲಿಲ್ಲ. ಇಲ್ಲಿಗೆ ಬಂದು ಏಪ್ರನ್ ಬಿಚ್ಚಿ, ಮಡಿಸಿ, ಮೊಳೆಗೆ ನೇತುಹಾಕಿ, ಐದೂ ನಲವತ್ತರ ಬಸ್ ಹತ್ತಿದೆ. ರಾತ್ರಿ ಊಟಕ್ಕೆ ಬಂದೇ ಬರುತ್ತೀಯೆಂದು ನಾನು ಎರಡು ತಟ್ಟೆಗೆ ಮೆಕ್ಕೆಜೋಳದ ಪೊಲೆಂಟಾ ಬಡಿಸಿ ಕಾದೆ.

ತಪ್ಪು ಯಾರದೇ ಆಗಿರಲಿ, ಹಾಗೆ ನಾಲ್ಕು ಜನರ ಮುಂದೆ ಮಾತಾಡಬಾರದಿತ್ತು. ನನ್ನನ್ನು ಕ್ಷಮಿಸು. ನೀನಿಲ್ಲದೆ ಈ ಕೊಟ್ಟಿಗೆಯಲ್ಲಿ ನನಗೆ ಮನಸ್ಸು ನಿಲ್ಲುವುದಿಲ್ಲ ಕಣೇ. ಬಣ್ಣ ಆರಿಸುವಾಗ ಇದೋ ಅದೋ ಎಂದು ಕೇಳಲು ಯಾರಿದ್ದಾರೆ? ಯೊಲಾಂಡಾಳನ್ನು ಕೇಳಿದರೆ ಎರಡೂ ಚೆನ್ನಾಗಿದೆ ಎನ್ನುತ್ತಾಳೆ. ಜಗಳವಾಡುವವರು ಬೇಕು ನನಗೆ.

ನಿನ್ನ ಅಂಗಡಿಯ ಯಜಮಾನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ಹೊಗೆಯಿಂದ ಸ್ವಲ್ಪ ದೂರ ನಿಲ್ಲಿಸಲಿ. ಹೊಟ್ಟೆ ತುಂಬ ಉಣ್ಣು. ದುಯಿಲಿಯೊ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ದೇವಮಾತೆ ನಿನ್ನ ಎದೆಯನ್ನೂ ಮೊಣಕಾಲನ್ನೂ ಕಾಯಲಿ. ಉಳಿದದ್ದನ್ನು ಉಣ್ಣೆಯ ಪಟ್ಟಿ ನೋಡಿಕೊಳ್ಳುತ್ತದೆ.

ನಿನ್ನ ಅಕ್ಕ,
ನಿವೆಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ‘ತಪ್ಪು ಯಾರದೇ ಆಗಿರಲಿ’ ಎಂದು ಬರೆದಿದ್ದೇನಲ್ಲ, ಅದು ಜಾರಿಕೊಳ್ಳುವ ಮಾತು. ನೀನು ಹೋದ ಮೂರನೇ ದಿನ ಸಂತನ ತೆಳು ಕಾಗದ ಬೆಂಚಿನ ಹಿಂದೆ ಸಿಕ್ಕಿತು. ಕೆಂಪು ಗುರುತು ತಪ್ಪು ಬದಿಯಲ್ಲಿತ್ತು. ಹಾಕಿದವಳು ನಾನು. ನೀನು ಅಪ್ಪನ ಕಟ್ಟಳೆಯಂತೆ ಅದನ್ನು ನೋಡಿ ಹರಳು ಇಟ್ಟೆ, ಅಷ್ಟೆ. ನಿನಗೆ ಅವತ್ತೇ ಗೊತ್ತಿತ್ತು, ಅಲ್ಲವೇ? ಗೊತ್ತಿದ್ದೂ ಜನರೆದುರು ನನ್ನ ಮಾನ ಉಳಿಸಿ ಬಸ್ ಹತ್ತಿದೆ. ನಾನು ನಾಲ್ಕು ವರ್ಷ ಆ ಕಾಗದವನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಮಲಗಿದೆ. ಅದನ್ನು ಈ ಪತ್ರದ ಜೊತೆ ಮಡಿಸಿ ಇಟ್ಟಿದ್ದೇನೆ. ಹದಿಮೂರನೇ ತಾರೀಖು ಬುಧವಾರದ ತರಗತಿಯಲ್ಲಿ, ಯೊಲಾಂಡಾಳ ಎದುರಿಗೇ, ಎಲ್ಲವನ್ನೂ ಹೇಳುತ್ತೇನೆ, ನೀನು ಬಂದರೂ ಬಾರದಿದ್ದರೂ. ಐದು ಗಂಟೆಗೆ ಶುರು. ಬೈಯಬೇಕು ಅನ್ನಿಸಿದರೆ ಕಾಗದದಲ್ಲಿ ಬೈಯಬೇಡ. ಬಾ, ಎಲ್ಲರ ಮುಂದೆ ನಿಂತು ಬೈ.